ಅಗಲಿಕೆಯನ್ನು ಛಾಯಾಚಿತ್ರಗಳಲ್ಲಿ ಹಿಡಿಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ಅಗಲ’ ಎಂದರೆ ಒಂದು ವಸ್ತುವಿನ ಹರವು. ‘ಅಗಲು’ ಎಂದರೆ ಒಬ್ಬರಿಂದೊಬ್ಬರು ದೂರವಾಗುವುದು. ಎರಡೂ ಒಂದೇ ಬೇರಿನ ಮಾತುಗಳು. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಸಿಗಲಾರದು. ಅಗಲಿಕೆಯ ಚಿತ್ರ ಬೇಕೆಂದೊಡನೆ ನಾವೆಲ್ಲ ಅಳುವ ಮುಖವನ್ನು ಹುಡುಕಿಕೊಂಡು ಹೊರಡುತ್ತೇವೆ. ಅಳುವ ಮುಖ ತೋರಿಸುವುದು ನೋವನ್ನು ಮಾತ್ರ. ಹಲ್ಲುನೋವಿಗೂ ಜನ ಹಾಗೆಯೇ ಅಳುತ್ತಾರೆ. ಅಗಲಿಕೆ ಇರುವುದು ಇಬ್ಬರ ನಡುವೆ, ಅಥವಾ ಒಬ್ಬರಿಗೂ ಅವರು ಬಿಟ್ಟುಬಂದ ನೆಲಕ್ಕೂ ನಡುವೆ ಬಿದ್ದ ಎಡೆಯಲ್ಲಿ. ಆ ಎಡೆಗೆ ಉದ್ದಗಲವಿದೆ, ಆದ್ದರಿಂದ ಅದನ್ನು ಚೌಕಟ್ಟಿನೊಳಗೆ ತರಬಹುದು.

ಹನ್ನೆರಡರಿಂದ ಹದಿನೈದು ಚಿತ್ರಗಳ ಒಂದು ಸರಣಿಯನ್ನು ಸುಮಾರು ಒಂದು ವರ್ಷದಲ್ಲಿ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಸಾಧಾರಣ ಮೊಬೈಲ್ ಫೋನ್ ಸಾಕು. ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಇದ್ದರೆ ಕೆಲವು ಹೆಜ್ಜೆಗಳು ಸುಲಭವಾಗುತ್ತವೆ, ಅಷ್ಟೆ.

ಯಾವ ಅಗಲಿಕೆ ಎಂಬುದನ್ನು ಮೊದಲು ತೀರ್ಮಾನಿಸಿ

‘ಅಗಲಿಕೆ’ ಎಂಬ ಒಂದು ಪದದ ಕೆಳಗೆ ಹಲವು ಬೇರೆ ಬೇರೆ ಸಂಗತಿಗಳಿವೆ, ಮತ್ತು ಕನ್ನಡ ಅವುಗಳಲ್ಲಿ ಹಲವಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಮದುವೆಯ ಮನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಒಂದು ಬಗೆಯಾದರೆ, ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಬೆಂಗಳೂರಿಗೋ ಗೋವಾಕ್ಕೋ ಕರಾವಳಿಗೋ ಗುಳೆ ಹೋಗುವುದು ಇನ್ನೊಂದು ಬಗೆ. ಅಣೆಕಟ್ಟಿನ ಹಿನ್ನೀರಿಗೆ ಊರು ಹೋದರೆ ಅದು ಮುಳುಗಡೆ. ಅಣ್ಣತಮ್ಮಂದಿರು ಬೇರೆಯಾದರೆ ಅದು ಪಾಲು ಅಥವಾ ಹಿಸ್ಸೆ. ನಿವೃತ್ತಿಯ ದಿನ ಹಾರ ಹಾಕಿ ಕಳಿಸುವುದು ಬೀಳ್ಕೊಡುಗೆ. ಟಿಬೆಟ್ ಬಿಟ್ಟುಬಂದು 1960ರ ದಶಕದ ಮೊದಲಿನಿಂದ ಬೈಲಕುಪ್ಪೆಯಲ್ಲಿ ನೆಲೆಸಿದವರ ಅಗಲಿಕೆ ಇವೆಲ್ಲಕ್ಕಿಂತ ಬೇರೆಯದು: ಅಲ್ಲಿ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಮಂದಿ ತಾವು ಅಗಲಿದ ನೆಲವನ್ನು ಕಣ್ಣಾರೆ ಕಂಡೇ ಇಲ್ಲ.

ಆಯ್ಕೆಗೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಆ ಜಾಗಕ್ಕೆ, ಅದೇ ಜನರ ಬಳಿಗೆ, ನೀವು ವರ್ಷದಲ್ಲಿ ಹತ್ತು ಸಲವಾದರೂ ಹೋಗಬಲ್ಲಿರಾ? ಹೋಗಲಾಗದಿದ್ದರೆ ವಿಷಯ ಎಷ್ಟೇ ದೊಡ್ಡದಾಗಿದ್ದರೂ ಬಿಟ್ಟುಬಿಡಿ. ದೂರದ ಗಡಿಯ ಕಥೆಗಿಂತ ನಿಮ್ಮ ಅತ್ತೆಯ ಮನೆಯ ಹಿಸ್ಸೆಯ ಕಥೆ ಚೆನ್ನಾಗಿ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ಮನೆಯ ಹಿತ್ತಿಲ ಬಾಗಿಲು ನಿಮಗೆ ತೆರೆದಿರುತ್ತದೆ.

ಹಳೆಯ ಮೂರು ಚಿತ್ರಗಳನ್ನು ಅಳತೆಗೋಲು ಹಿಡಿದು ನೋಡಿ

ಕ್ಯಾಮೆರಾ ಎತ್ತುವ ಮೊದಲು ಒಂದು ವಾರವನ್ನು ಬೇರೆಯವರ ಚಿತ್ರಗಳಿಗೆ ಕೊಡಿ. ನಾನು ಸೂಚಿಸುವ ಮೂರೂ ಜಗತ್ಪ್ರಸಿದ್ಧ ಚಿತ್ರಗಳು. ಹುಡುಕಿದರೆ ಸುಲಭವಾಗಿ ಸಿಗುತ್ತವೆ.

ಮೊದಲನೆಯದು ಕೆನಡಾದ ಪತ್ರಿಕಾ ಛಾಯಾಗ್ರಾಹಕ ಕ್ಲಾಡ್ ಡೆಟ್ಲಾಫ್ 1940ರ ಅಕ್ಟೋಬರ್ 1ರಂದು ಬ್ರಿಟಿಷ್ ಕೊಲಂಬಿಯಾದ ನ್ಯೂ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ತೆಗೆದದ್ದು. ಯುದ್ಧಕ್ಕೆ ಹೊರಟ ಸೈನಿಕರ ಸಾಲು ಇಳಿಜಾರು ರಸ್ತೆಯಲ್ಲಿ ಬರುತ್ತಿದೆ. ಐದು ವರ್ಷದ ಹುಡುಗನೊಬ್ಬ ತಾಯಿಯ ಕೈ ಬಿಡಿಸಿಕೊಂಡು ಸಾಲಿನಲ್ಲಿರುವ ಅಪ್ಪನ ಕಡೆಗೆ ಓಡುತ್ತಿದ್ದಾನೆ. ಒಂದು ತೆಳುವಾದ ಕಾಗದವನ್ನು ಈ ಚಿತ್ರದ ಮೇಲಿಟ್ಟು ಕೈಗಳನ್ನಷ್ಟೇ ಗೆರೆಯಾಗಿ ಎಳೆಯಿರಿ. ತಾಯಿಯ ಚಾಚಿದ ಕೈ, ಮಗನ ಚಾಚಿದ ಕೈ, ಅಪ್ಪನ ಹಿಂದಕ್ಕೆ ಚಾಚಿದ ಕೈ. ಇವುಗಳ ನಡುವೆ ಎರಡು ಖಾಲಿ ಜಾಗಗಳು. ಇಡೀ ಚಿತ್ರ ನಿಂತಿರುವುದು ಆ ಎರಡು ಖಾಲಿ ಜಾಗಗಳ ಮೇಲೆ. ಕೈಗಳು ಒಂದನ್ನೊಂದು ಮುಟ್ಟಿದ ಮರುಗಳಿಗೆಯಲ್ಲಿ ಕ್ಲಿಕ್ಕಿಸಿದ್ದರೆ ಇದು ಯಾವುದೇ ಪತ್ರಿಕೆಯ ಒಂದು ದಿನದ ಚಿತ್ರವಾಗಿ ಮುಗಿದುಹೋಗುತ್ತಿತ್ತು. ಆ ತಂದೆ 1945ರಲ್ಲಿ ಜೀವಂತವಾಗಿ ಮರಳಿದರು. ಗಂಡಹೆಂಡಿರು ಮಾತ್ರ ಮುಂದೆ ಬೇರೆಯಾದರು. ಚಿತ್ರ ಹೇಳಿದ ಅಗಲಿಕೆ ಒಂದು, ಬದುಕಿನಲ್ಲಿ ಉಳಿದದ್ದು ಮತ್ತೊಂದು.

ಎರಡನೆಯದು 1961ರ ಆಗಸ್ಟ್ 15ರಂದು ಪೀಟರ್ ಲೈಬಿಂಗ್ ಬರ್ಲಿನ್ನಿನ ಬರ್ನೌವರ್ ಬೀದಿಯಲ್ಲಿ ತೆಗೆದ ಚಿತ್ರ. ನಗರವನ್ನು ಸೀಳುವ ಕೆಲಸ ಆರಂಭವಾಗಿ ಎರಡೇ ದಿನವಾಗಿತ್ತು. ಗೋಡೆ ಇನ್ನೂ ಎದ್ದಿರಲಿಲ್ಲ, ಸುರುಳಿ ಮುಳ್ಳುತಂತಿ ಮಾತ್ರ ಬಿದ್ದಿತ್ತು. ಕಾವಲಿಗಿದ್ದ ಪೂರ್ವ ಜರ್ಮನಿಯ ಹತ್ತೊಂಬತ್ತು ವರ್ಷದ ಸೈನಿಕ ಕಾನ್ರಾಡ್ ಶುಮಾನ್ ಆ ತಂತಿಯ ಮೇಲಿಂದ ಪಶ್ಚಿಮಕ್ಕೆ ಹಾರಿದ. ಹ್ಯಾಂಬರ್ಗಿನಲ್ಲಿ ಅಡ್ಡಗಟ್ಟೆ ನೆಗೆಯುವ ಕುದುರೆಗಳ ಚಿತ್ರ ತೆಗೆದು ಲೈಬಿಂಗ್‌ಗೆ ಅಭ್ಯಾಸವಿತ್ತು. ನೆಗೆತದ ಯಾವ ಬಿಂದುವಿನಲ್ಲಿ ಗುಂಡಿ ಒತ್ತಬೇಕೆಂಬುದನ್ನು ಆತನಿಗೆ ಕುದುರೆಗಳು ಕಲಿಸಿದ್ದವು. ಇಲ್ಲಿ ಗಮನಿಸಬೇಕಾದದ್ದು ಕಾಲಿನ ಕೆಳಗಿನ ಗಾಳಿ. ಆತ ಆ ಬದಿಯಲ್ಲೂ ಇಲ್ಲ, ಈ ಬದಿಯಲ್ಲೂ ಇಲ್ಲ.

ಮೂರನೆಯ ಚಿತ್ರವನ್ನು ಎಚ್ಚರಿಕೆಗಾಗಿ ಇಟ್ಟಿದ್ದೇನೆ. ದೇಶವಿಭಜನೆಯ ಹೊತ್ತಿನಲ್ಲಿ, 1947ರ ಆಗಸ್ಟ್‌ನಲ್ಲಿ, ಅಮೆರಿಕದ ‘ಲೈಫ್’ ಪತ್ರಿಕೆ ಡೇವಿಡ್ ಡಗ್ಲಸ್ ಡಂಕನ್ ತೆಗೆದ ಒಂದು ಚಿತ್ರವನ್ನು ಪ್ರಕಟಿಸಿತು: ಗ್ರಂಥಾಲಯದಲ್ಲಿ ಪುಸ್ತಕಗಳ ಎರಡು ರಾಶಿ, ಒಂದರ ಮೇಲೆ ಭಾರತ ಎಂಬ ಫಲಕ, ಇನ್ನೊಂದರ ಮೇಲೆ ಪಾಕಿಸ್ತಾನ ಎಂಬ ಫಲಕ, ನಡುವೆ ತಲೆಗೆ ಕೈಕೊಟ್ಟು ಕುಳಿತ ಗ್ರಂಥಪಾಲಕ. ಹಾಗೆ ಕುಳಿತವರು ಬಿ. ಎಸ್. ಕೇಶವನ್, ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು, ಮುಂದೆ ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲಕರಾದವರು. ವಿಭಜನೆಯ ಬಗ್ಗೆ ಬರೆಯುವವರು ಈ ಚಿತ್ರವನ್ನು ದಶಕಗಳ ಕಾಲ ಬಳಸಿದರು. ಆದರೆ ಇದನ್ನು ಕೆದಕಿ ನೋಡಿದವರಿಗೆ ಕಂಡದ್ದು, ಆ ಗ್ರಂಥಾಲಯ ಹಾಗೆ ಹಂಚಿಹೋಗಲೇ ಇಲ್ಲ, ಚಿತ್ರವನ್ನು ಕ್ಯಾಮೆರಾಕ್ಕಾಗಿ ಜೋಡಿಸಲಾಗಿತ್ತು ಎಂಬುದು. ಅಗಲಿಕೆಯಂಥ ಭಾವದ ವಿಷಯದಲ್ಲಿ ಹೀಗೆ ಜೋಡಿಸುವ ಆಸೆ ಬಹಳ ಬಲವಾಗಿರುತ್ತದೆ. ವಸ್ತುಗಳನ್ನು ನೀವೇ ಜೋಡಿಸಿ ಚಿತ್ರ ತೆಗೆಯುವುದು ತಪ್ಪಲ್ಲ. ಹಾಗೆ ಜೋಡಿಸಿದ್ದೇನೆ ಎಂದು ಅಡಿಬರಹದಲ್ಲಿ ಹೇಳದಿರುವುದು ತಪ್ಪು.

ನಮ್ಮ ನೆಲದ ಮಾದರಿ ಬೇಕೆನ್ನುವವರು ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಬೇಕು. ಸಾಮಾನ್ಯ ಜನರನ್ನು ಸಾಮಾನ್ಯ ಬೆಳಕಿನಲ್ಲಿ, ಅವರ ಮರ್ಯಾದೆಗೆ ಊನ ಬಾರದಂತೆ ತೆಗೆಯುವುದು ಹೇಗೆಂಬುದು ಅವುಗಳಲ್ಲಿದೆ.

ಬಸ್ಸು ಹೋದ ಮೇಲೆ ಹತ್ತು ನಿಮಿಷ ನಿಲ್ಲಿ

ಮೊದಲ ಅಭ್ಯಾಸಕ್ಕೆ ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾಲೇಜು ತೆರೆಯುವ ದಿನಗಳಲ್ಲಿ ಮಲೆನಾಡಿನ ಯಾವುದೇ ಪೇಟೆಯ ನಿಲ್ದಾಣಕ್ಕೆ ಸಂಜೆ ಹೋದರೆ ಬೆಂಗಳೂರಿನ ರಾತ್ರಿ ಬಸ್ಸುಗಳ ಸುತ್ತ ಅಪ್ಪ, ಅಮ್ಮ, ಅಜ್ಜಿ, ಹಾಸಿಗೆಯ ಸುರುಳಿ, ಹಪ್ಪಳದ ಡಬ್ಬಿ ಎಲ್ಲವೂ ಇರುತ್ತವೆ. ನಾನು ಈ ಕೆಲಸ ಆರಂಭಿಸಿದ್ದು ಶಿರಸಿಯಲ್ಲಿ. ಎರಡು ಸಂಜೆ ನಿಂತು ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆ; ಬಹುಪಾಲು ಕಿಟಕಿಯಿಂದ ಬೀಸುವ ಕೈಗಳು. ಮನೆಗೆ ಬಂದು ನೋಡಿದರೆ ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ಉಳಿದದ್ದು ಒಂದೇ ಚಿತ್ರ, ಅದೂ ಬಸ್ಸು ಹೋದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕುವ ಹೊತ್ತಿನಲ್ಲಿ ಸಿಕ್ಕಿದ್ದು. ಮೊಮ್ಮಗಳನ್ನು ಕಳಿಸಿಕೊಟ್ಟ ಅಜ್ಜಿಯೊಬ್ಬರು ತಿಂಡಿ ತುಂಬಿಕೊಂಡು ಬಂದಿದ್ದ ಬಟ್ಟೆಯ ಕೈಚೀಲವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಚುತ್ತಿದ್ದರು. ನನ್ನನ್ನು ಕಂಡು ಅವರು ಕೇಳಿದ್ದು, “ತಮಾ, ಆ ಬಸ್ಸಿನ ನಂಬರು ನೋಡಿದ್ಯನಾ?” ಎಂದು.

ಆದ್ದರಿಂದ ಸಮಯವನ್ನು ಹೀಗೆ ಹಂಚಿಕೊಳ್ಳಿ. ಬಸ್ಸು ಹೊರಡುವ ಅರ್ಧ ಗಂಟೆ ಮೊದಲು ಹೋಗಿ, ಕ್ಯಾಮೆರಾ ಕಾಣುವಂತೆ ಕೊರಳಿಗೆ ಹಾಕಿಕೊಂಡು ಸುಮ್ಮನೆ ಕುಳಿತಿರಿ. ಜನರಿಗೆ ನಿಮ್ಮ ಇರುವಿಕೆ ಅಭ್ಯಾಸವಾಗಲಿ. ಹೊರಡುವ ಮೊದಲಿನ ಹತ್ತು ನಿಮಿಷದಲ್ಲಿ ಮಾತು ಮುಗಿದು ಏನು ಹೇಳಬೇಕೆಂದು ತಿಳಿಯದೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುವ ಗಳಿಗೆಯೊಂದು ಬಂದೇ ಬರುತ್ತದೆ; ಅದಕ್ಕಾಗಿ ಕಾಯಿರಿ. ಬಸ್ಸು ಚಲಿಸುವಾಗ ಎರಡು ಮೂರು ಚಿತ್ರ ಸಾಕು. ಅದು ತಿರುವಿನಲ್ಲಿ ಮರೆಯಾದ ಮೇಲೆ ನಿಮ್ಮ ನಿಜವಾದ ಕೆಲಸ ಆರಂಭ: ಕಳಿಸಲು ಬಂದವರ ಕೈಗಳು ಈಗ ಏನು ಮಾಡುತ್ತಿವೆ, ಅವರು ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾರೆ, ಬಸ್ಸು ನಿಂತಿದ್ದ ಜಾಗದಲ್ಲಿ ಏನು ಬಿದ್ದಿದೆ.

ಎಡೆಯನ್ನು ಅಳೆಯುವುದು: ನಿಲ್ಲುವ ಜಾಗ ಮತ್ತು ಲೆನ್ಸ್

ಎರಡು ಆಕೃತಿಗಳ ನಡುವಿನ ದೂರ ಚಿತ್ರದಲ್ಲಿ ಹೆಚ್ಚಾಗಿ ಕಾಣುವುದೋ ಕಡಿಮೆಯಾಗಿ ಕಾಣುವುದೋ ಎಂಬುದನ್ನು ನಿರ್ಧರಿಸುವುದು ನೀವು ನಿಂತ ಜಾಗ. ಲೆನ್ಸ್ ಅದಕ್ಕೆ ತಕ್ಕಂತೆ ಚೌಕಟ್ಟನ್ನು ಕತ್ತರಿಸಿಕೊಡುತ್ತದೆ, ಅಷ್ಟೆ. ಲೆಕ್ಕ ಸರಳವಾಗಿದೆ. ತಾಯಿ ನಿಮ್ಮಿಂದ ಒಂದು ಮೀಟರ್ ದೂರದಲ್ಲಿ, ಮಗ ಅವರಿಂದ ಹತ್ತು ಮೀಟರ್ ಆಚೆ ಇದ್ದರೆ, ನಿಮ್ಮಿಂದ ಅವರಿಬ್ಬರ ದೂರ 1 ಮತ್ತು 11 ಮೀಟರ್. ಮಗನ ಆಕೃತಿ ತಾಯಿಯದರ ಹನ್ನೊಂದರಲ್ಲೊಂದು ಪಾಲಾಗಿ ಕಾಣುತ್ತದೆ. ಈಗ ನೀವು ತಾಯಿಯಿಂದ ಇಪ್ಪತ್ತು ಮೀಟರ್ ದೂರಕ್ಕೆ ಹಿಂದೆ ಸರಿದು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ನೋಡಿದರೆ ದೂರಗಳು 20 ಮತ್ತು 30 ಮೀಟರ್ ಆಗುತ್ತವೆ. ಮಗ ತಾಯಿಯ ಮೂರರಲ್ಲಿ ಎರಡು ಪಾಲಿನಷ್ಟು ಕಾಣುತ್ತಾನೆ, ಇಬ್ಬರೂ ಪಕ್ಕಪಕ್ಕದಲ್ಲೇ ಇದ್ದಂತೆ ತೋರುತ್ತದೆ. ಇದೇ ಕಾರಣಕ್ಕೆ ದೂರದಿಂದ ಕದ್ದು ತೆಗೆದ ಚಿತ್ರಗಳಲ್ಲಿ ಅಗಲಿಕೆ ಕರಗಿಹೋಗುತ್ತದೆ. 24ರಿಂದ 35 ಮಿ.ಮೀ.ನ ಅಗಲ ನೋಟದ ಲೆನ್ಸ್ ಹಾಕಿ, ಹೊರಡದೆ ಉಳಿದವರ ಹತ್ತಿರಕ್ಕೆ ಹೋಗಿ. ಬಹುತೇಕ ಮೊಬೈಲ್‌ಗಳ ಮುಖ್ಯ ಕ್ಯಾಮೆರಾ ಹೆಚ್ಚುಕಡಿಮೆ ಇದೇ ಹರವಿನದು. ಝೂಮ್ ಮಾಡಲು ಹೋಗಬೇಡಿ.

ಹಿನ್ನೆಲೆಯನ್ನು ಮಸುಕುಗೊಳಿಸುವ ಚಟವನ್ನೂ ಇಲ್ಲಿ ಬಿಡಬೇಕು. ಮೊಬೈಲಿನ ಪೋರ್ಟ್ರೇಟ್ ಮೋಡ್ ತಾಯಿಯನ್ನು ಚೂಪಾಗಿ ಉಳಿಸಿ ದೂರದ ಮಗನನ್ನು ಒಂದು ಬಣ್ಣದ ಚುಕ್ಕೆಯಾಗಿಸುತ್ತದೆ. ಅಗಲಿಕೆಯ ಒಂದು ತುದಿಯನ್ನು ಅಳಿಸಿದ ಮೇಲೆ ಉಳಿಯುವುದು ಬರೀ ಒಂದು ಭಾವಚಿತ್ರ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಹೊಂದಿಸಬಹುದಾದ ಕ್ಯಾಮೆರಾದಲ್ಲಿ ಎಫ್/8 ಅಥವಾ ಎಫ್/11 ಇಟ್ಟು ಎರಡೂ ತುದಿ ಸ್ಪಷ್ಟವಾಗಿರುವಂತೆ ನೋಡಿಕೊಳ್ಳಿ. ಅಡ್ಡ ಚೌಕಟ್ಟನ್ನೇ ಹೆಚ್ಚಾಗಿ ಬಳಸಿ, ಇಬ್ಬರನ್ನು ಎರಡು ಅಂಚಿಗೆ ತಳ್ಳಿ, ನಡುವಿನ ನೆಲವನ್ನು ಖಾಲಿ ಬಿಡುವ ಧೈರ್ಯ ಮಾಡಿ. ಆ ಖಾಲಿಯಲ್ಲಿ ಒಂದು ನಾಯಿ ಬಂದು ಮಲಗಿದರೆ ಇನ್ನೂ ಒಳ್ಳೆಯದು.

ನಿಂತವರು, ಚಲಿಸುವವರು, ನಡುವಿನ ಗಾಜು

ಹೊರಟವರು ಚಲಿಸುತ್ತಾರೆ, ಉಳಿದವರು ನಿಲ್ಲುತ್ತಾರೆ. ಶಟರ್ ವೇಗವನ್ನು ಇಳಿಸಿದರೆ, ಅಂದರೆ ಬೆಳಕು ಒಳಬರುವ ಹೊತ್ತನ್ನು ಹೆಚ್ಚಿಸಿದರೆ, ಈ ವ್ಯತ್ಯಾಸ ತಾನಾಗಿ ಕಾಣುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಲ್ದಾಣ ಬಿಡುವ ಬಸ್ಸು 1/8 ಸೆಕೆಂಡಿನಲ್ಲಿ ಸುಮಾರು ಅರ್ಧ ಮೀಟರ್ ಸಾಗುತ್ತದೆ. ಚಿತ್ರದಲ್ಲಿ ಬಸ್ಸು ಗೆರೆಗೆರೆಯಾಗಿ ಹರಿದು, ಅಲುಗದೆ ನಿಂತ ವ್ಯಕ್ತಿ ಮಾತ್ರ ಸ್ಪಷ್ಟವಾಗಿ ಉಳಿಯುತ್ತಾರೆ. ಟ್ರೈಪಾಡ್ ತೆಗೆದುಕೊಂಡು ಹೋದರೆ ಜನ ಗಾಬರಿಯಾಗುತ್ತಾರೆ, ಕಂಬಕ್ಕೆ ಬೆನ್ನು ಕೊಟ್ಟು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಸಾಕು. ಒಂದರ ಹಿಂದೊಂದು ಆರೇಳು ಚಿತ್ರ ತೆಗೆಯಿರಿ. ಒಂದೆರಡು ಅಲುಗದೆ ಬರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಷ್ಟು ನಿಧಾನದ ಶಟರ್‌ಗೆ ಬೆಳಕು ಅತಿಯಾಗುತ್ತದೆ, ಆಗ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಮುಂಜಾವು ಮತ್ತು ಮುಸ್ಸಂಜೆಯಲ್ಲಿ ಅದರ ಅಗತ್ಯವಿಲ್ಲ, ಮತ್ತು ಜನ ಹೊರಡುವುದೂ ಹೆಚ್ಚಾಗಿ ಆ ಹೊತ್ತುಗಳಲ್ಲೇ.

ಗಾಜು ಇನ್ನೊಂದು ದೊಡ್ಡ ಸಹಾಯ. ಬಸ್ಸಿನ ಅಥವಾ ರೈಲಿನ ಎ.ಸಿ. ಬೋಗಿಯ ಮುಚ್ಚಿದ ಕಿಟಕಿಯಲ್ಲಿ ಹೊರಗಿನವರ ಬಿಂಬ ಮೂಡುತ್ತದೆ, ಅದರ ಆಚೆ ಒಳಗಿನವರ ಮುಖ ಇರುತ್ತದೆ. ಎಲ್ಲ ಕೈಪಿಡಿಗಳೂ ಪೋಲರೈಸರ್ ಹಾಕಿ ಆ ಬಿಂಬವನ್ನು ತೆಗೆದುಹಾಕಲು ಹೇಳುತ್ತವೆ. ನಮಗೆ ಬೇಕಾದದ್ದು ಆ ಬಿಂಬವೇ. ಹೊರಗೆ ನಿಂತವರ ಹಿಂದೆ ಓರೆಯಾಗಿ ನಿಂತು, ಅವರ ಮುಖದ ಬಿಂಬ ಒಳಗಿನವರ ಮುಖದ ಪಕ್ಕಕ್ಕೆ ಬರುವವರೆಗೆ ಎಡಕ್ಕೋ ಬಲಕ್ಕೋ ಸರಿಯಿರಿ. ಒಳಗೆ ದೀಪ ಹತ್ತಿದ್ದು ಹೊರಗೆ ಇನ್ನೂ ಸ್ವಲ್ಪ ಬೆಳಕಿರುವ ಹತ್ತು ಹದಿನೈದು ನಿಮಿಷಗಳಲ್ಲಿ ಎರಡು ಮುಖಗಳೂ ಸಮನಾಗಿ ಕಾಣುತ್ತವೆ. ಫೋಕಸ್ ಯಾವುದರ ಮೇಲೆ ಎಂಬುದನ್ನು ಕ್ಯಾಮೆರಾಕ್ಕೆ ಬಿಡಬೇಡಿ. ಬಿಂಬ ಗಾಜಿನ ಮೇಲೆ ಇರುವುದಿಲ್ಲ. ವ್ಯಕ್ತಿ ಗಾಜಿನಿಂದ ಎಷ್ಟು ದೂರವೋ ಗಾಜಿನ ಆಚೆ ಅಷ್ಟೇ ದೂರದಲ್ಲಿ ಇದ್ದಂತೆ ಫೋಕಸ್ ಮಾಡಬೇಕು. ಗಾಜಿನ ದೂಳಿಗೆ ಫೋಕಸ್ ಮಾಡಿ ಎರಡು ಮುಖಗಳನ್ನೂ ಕಳೆದುಕೊಂಡ ಅನುಭವ ನನಗೆ ಸಾಕಷ್ಟಿದೆ.

ನೆಲದಿಂದಾದ ಅಗಲಿಕೆ: ಮುಳುಗಡೆಯ ಚಿತ್ರಗಳು

ಜನ ಜನರನ್ನು ಬಿಟ್ಟುಹೋಗುವುದು ಒಂದು ಕ್ಷಣದ ಸಂಗತಿ. ನೆಲ ಕೈಬಿಟ್ಟು ಹೋದವರ ಅಗಲಿಕೆ ಋತುಋತುವಿಗೂ ಬದಲಾಗುತ್ತ ಬದುಕಿನುದ್ದಕ್ಕೂ ಉಳಿಯುತ್ತದೆ. ಶರಾವತಿ ಕಣಿವೆ ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು, ತೋಟಗಳು, ರಸ್ತೆಗಳು ಹಿನ್ನೀರಿನ ಕೆಳಗೆ ಹೋದವು. ಅದಕ್ಕೂ ಮೊದಲು ಅದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ, ಜೊತೆಗೆ ಹಳೆಯ ರಸ್ತೆಯ ತುಂಡುಗಳೂ ಮರದ ಒಣಬೊಡ್ಡೆಗಳೂ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ದಿನಪತ್ರಿಕೆಗಳಲ್ಲಿ ಬರುವ ನೀರಿನ ಮಟ್ಟವನ್ನು ಜನವರಿಯಿಂದಲೇ ಬರೆದಿಡುತ್ತ ಹೋದರೆ, ಯಾವ ವಾರ ಹೊರಡಬೇಕೆಂಬುದು ನಿಮಗೇ ತಿಳಿಯುತ್ತದೆ; ಸಾಮಾನ್ಯವಾಗಿ ಮೇ ತಿಂಗಳ ಕೊನೆ ಮತ್ತು ಮಳೆ ಹಿಡಿಯುವ ಮುನ್ನಿನ ಜೂನ್ ದಿನಗಳು.

ಇಲ್ಲಿ ಬಳಸಬೇಕಾದ ವಿಧಾನ ಮರುಚಿತ್ರಣ, ಅಂದರೆ ಒಂದೇ ಬಿಂದುವಿನಲ್ಲಿ ನಿಂತು ಬೇರೆ ಕಾಲದಲ್ಲಿ ಅದೇ ದೃಶ್ಯವನ್ನು ತೆಗೆಯುವುದು. ಅಂದಾಜಿಗೆ ನಿಂತರೆ ಆಗುವುದಿಲ್ಲ. ಮೊದಲ ಚಿತ್ರದ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಅದರಲ್ಲಿ ಒಂದು ಹತ್ತಿರದ ಸ್ಥಿರವಸ್ತುವನ್ನೂ (ಒಂದು ಬಂಡೆ ಎನ್ನಿ) ಒಂದು ದೂರದ ಸ್ಥಿರವಸ್ತುವನ್ನೂ (ಗುಡ್ಡದ ನೆತ್ತಿ) ಗುರುತಿಸಿ. ಬಂಡೆಯ ಅಂಚು ಗುಡ್ಡದ ಯಾವ ಬಿಂದುವಿಗೆ ನೇರವಾಗಿದೆಯೋ ಅದೇ ನೇರಕ್ಕೆ ಬರುವವರೆಗೆ ಎಡಬಲ ಸರಿಯಿರಿ; ಆಮೇಲೆ ಬಂಡೆಯ ಮೇಲಂಚು ಹಿಂದಿನ ಗೆರೆಗೆ ಕೂಡುವವರೆಗೆ ಕ್ಯಾಮೆರಾವನ್ನು ಎತ್ತಿ ಇಳಿಸಿ. ಇಂಥ ಎರಡು ಜೋಡಿಗಳು ಹೊಂದಿದರೆ ನೀವು ಸರಿಯಾದ ಬಿಂದುವಿನಲ್ಲಿದ್ದೀರಿ. ಲೆನ್ಸ್ ಬೇರೆಯಾಗಿದ್ದರೂ ಚಿಂತೆಯಿಲ್ಲ, ಅಂಚನ್ನು ಕತ್ತರಿಸಿ ಸರಿಪಡಿಸಬಹುದು. ನಿಂತ ಜಾಗ ತಪ್ಪಿದರೆ ಮಾತ್ರ ಯಾವ ತಂತ್ರಾಂಶವೂ ಅದನ್ನು ಸರಿಮಾಡಲಾರದು. ಬೇಸಿಗೆಯ ಒಣನೆಲದ ಚಿತ್ರ ಒಂದು, ಸೆಪ್ಟೆಂಬರಿನ ತುಂಬಿದ ನೀರಿನ ಚಿತ್ರ ಒಂದು. ಇವೆರಡನ್ನು ಒಂದರ ಕೆಳಗೊಂದು ಇಟ್ಟರೆ ಮನೆಯಿದ್ದ ಜಾಗದ ಮೇಲೆ ಎಷ್ಟು ನೀರಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮುಳುಗಡೆಯಾದವರಲ್ಲಿ ಯಾರಾದರೂ ಹಿರಿಯರು ಜೊತೆಗೆ ಬರುವುದಾದರೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. “ಇಲ್ಲಿ ಜಗುಲಿ, ಇಲ್ಲಿ ಕೊಟ್ಟಿಗೆ” ಎಂದು ಬಯಲಿನಲ್ಲಿ ಕೈತೋರಿಸುವವರ ಬೆರಳು ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಖಾಲಿಯೂ ಚೌಕಟ್ಟಿನಲ್ಲಿರಬೇಕು. ಬೆರಳನ್ನು ಮಾತ್ರ ಹತ್ತಿರದಿಂದ ತೆಗೆದರೆ ಅದು ಸರಣಿಗೆ ಉಪಯೋಗಕ್ಕೆ ಬಾರದು.

ಅದೇ ಹಿನ್ನೀರಿನ ಇನ್ನೊಂದು ಪಾಠವೆಂದರೆ, ಅಗಲಿಕೆಯ ಕೆಲವು ದೃಶ್ಯಗಳಿಗೆ ಕೊನೆಯ ದಿನಾಂಕವಿರುತ್ತದೆ. ತುಮರಿ, ಸಿಗಂದೂರು ಕಡೆಯವರು ದಶಕಗಳ ಕಾಲ ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಲಾಂಚನ್ನೇ ನಂಬಿದ್ದರು. 2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಆ ದಡದಲ್ಲಿ ಲಾಂಚಿಗಾಗಿ ಕಾಯಲೇಬೇಕಾದ ಅನಿವಾರ್ಯ ಮುಗಿಯಿತು, ಮುಗಿಯಬೇಕಾದದ್ದೇ. ನಿಮ್ಮ ಸೀಮೆಯಲ್ಲೂ ಇಂಥದ್ದೊಂದು ಇರಬಹುದು. ಸೇತುವೆಯ ಕಂಬ ಏಳುವುದು ಕಂಡಾಗ ಕಾಯುವವರ ಚಿತ್ರವನ್ನು ಮುಂದಕ್ಕೆ ಹಾಕಬೇಡಿ.

ಮನೆಯೊಳಗಿನ ಗೋಡೆ

ಹಿಸ್ಸೆಯಾದ ಮನೆಗಳಲ್ಲಿ ಜನರಿಗಿಂತ ವಸ್ತುಗಳು ಹೆಚ್ಚು ಮಾತಾಡುತ್ತವೆ. ತೊಟ್ಟಿಮನೆಯ ನಡುಮನೆಯಲ್ಲಿ ಛಾವಣಿಯ ಹಳೆಯ ತೊಲೆ ಒಂದೇ ಆಗಿದ್ದು, ಅದರ ಕೆಳಗೆ ಹೊಸ ಇಟ್ಟಿಗೆಯ ಗೋಡೆ ಎದ್ದಿರುತ್ತದೆ. ಅಂಗಳದ ತುಳಸಿಕಟ್ಟೆ ಒಂದೇ, ಅದರ ಎರಡು ಬದಿಗೆ ಎರಡು ರಂಗೋಲಿ. ಒಂದೇ ಬಾವಿಗೆ ಎರಡು ಮೋಟಾರ್ ಪೈಪು. ಇಂಥ ಕಡೆ ಗೋಡೆಯ ದಪ್ಪದ ಎದುರಿಗೆ ನೇರವಾಗಿ ನಿಂತು, ಎರಡು ಬದಿಯ ಕೋಣೆಗಳೂ ಚೌಕಟ್ಟಿನಲ್ಲಿ ಸಮನಾಗಿ ಬರುವಂತೆ ತೆಗೆಯುವುದು ಒಳ್ಳೆಯದು. ಓರೆಯಾಗಿ ನಿಂತರೆ ನೀವು ಯಾರದೋ ಒಬ್ಬರ ಪಕ್ಷ ವಹಿಸಿದಂತಾಗುತ್ತದೆ, ಮತ್ತು ಆ ಮನೆಯವರು ಅದನ್ನು ನಿಮಗಿಂತ ಬೇಗ ಗುರುತಿಸುತ್ತಾರೆ. ಪಾಲುಪಟ್ಟಿಯ ಚಿತ್ರ ತೆಗೆಯುವುದಾದರೆ ಹೆಸರು, ಸರ್ವೆ ನಂಬರುಗಳನ್ನು ಮರೆಮಾಡಿ.

ಹಳೆಯ ಆಲ್ಬಮ್ ಸಿಕ್ಕರೆ ಅದನ್ನು ಕಿಟಕಿಯ ಪಕ್ಕಕ್ಕೆ ತನ್ನಿ, ಆದರೆ ನೇರ ಬಿಸಿಲಿಗೆ ಬೇಡ. ಹೊಳಪಿನ ಕಾಗದವಾದರೆ ಬೆಳಕು ಎರಡು ಪಕ್ಕದಿಂದ ಸುಮಾರು 45 ಡಿಗ್ರಿಯಲ್ಲಿ ಬೀಳಬೇಕು, ಕ್ಯಾಮೆರಾ ಚಿತ್ರಕ್ಕೆ ಸಮಾಂತರವಾಗಿರಬೇಕು. ಕತ್ತರಿಯಿಂದ ಒಬ್ಬರನ್ನು ತೆಗೆದುಹಾಕಿದ ಗುಂಪುಚಿತ್ರ, ಅಂಟು ಕಿತ್ತು ಖಾಲಿಯಾದ ಪುಟದ ನಾಲ್ಕು ಮೂಲೆಗಳು, ಗೋಡೆಯಿಂದ ತೆಗೆದ ಪಟದ ಬಿಳಿಯ ಗುರುತು: ಇವನ್ನು ಇದ್ದಂತೆಯೇ ತೆಗೆಯಿರಿ, ತಂತ್ರಾಂಶದಲ್ಲಿ ಅಂದಗೊಳಿಸಬೇಡಿ.

ವಿಚ್ಛೇದನದ ವಿಷಯಕ್ಕೆ ಕಾನೂನಿನ ಮಿತಿಗಳಿವೆ. ಹಿಂದೂ ವಿವಾಹ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಅಂಥ ಕಲಾಪ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಅದರ ವಿವರಗಳ ಪ್ರಕಟಣೆಗೂ ನಿರ್ಬಂಧವಿದೆ. ನ್ಯಾಯಾಲಯದ ಆವರಣವನ್ನು ಬಿಟ್ಟು, ಒಪ್ಪಿಗೆ ಕೊಟ್ಟವರ ಮನೆಯ ಒಂಟಿ ಕುರ್ಚಿಯನ್ನೋ ಬೀಗದಕೈ ಗೊಂಚಲನ್ನೋ ನೋಡಿ. ಪೋಷಕರಿಂದ ಬೇರ್ಪಟ್ಟು ಬಾಲಮಂದಿರಗಳಲ್ಲಿರುವ ಮಕ್ಕಳ ಗುರುತು ತಿಳಿಯುವ ಚಿತ್ರವನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ; ಬೆನ್ನು ಮಾತ್ರ ಕಂಡರೂ ಸಮವಸ್ತ್ರ ಮತ್ತು ಕಟ್ಟಡದಿಂದ ಗುರುತು ಹತ್ತಬಹುದೆಂಬುದನ್ನು ನೆನಪಿಡಿ.

ಒಂದೇ ಗಳಿಗೆ, ಎರಡು ಊರು

ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಜೋಡಿಚಿತ್ರ ಒಪ್ಪುತ್ತದೆ. ಶಿರಸಿಯಲ್ಲಿ ಸಂಜೆ ಏಳಕ್ಕೆ ಅಮ್ಮ ದೇವರಿಗೆ ದೀಪ ಹಚ್ಚುವಾಗ ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಅದೇ ದಿನ ಬೆಳಗ್ಗೆ ಒಂಬತ್ತೂವರೆ, ಚಳಿಗಾಲವಾದರೆ ಎಂಟೂವರೆ. ಮಂಗಳೂರಿನ ಏಳು ಗಂಟೆಗೆ ದುಬೈಯಲ್ಲಿ ಐದೂವರೆ. ಇಬ್ಬರೂ ಒಂದೇ ಗಳಿಗೆಯಲ್ಲಿ, ತಾವು ಇದ್ದಲ್ಲಿಯೇ ಒಂದು ಚಿತ್ರ ತೆಗೆಯುವಂತೆ ಹತ್ತು ದಿನದ ಒಪ್ಪಂದ ಮಾಡಿಕೊಳ್ಳಿ. ವಿಡಿಯೊ ಕರೆಯ ಪರದೆಯನ್ನು ತೆಗೆಯುವುದು ಬೇಡ, ಅದು ಎಲ್ಲರೂ ತೆಗೆಯುವ ಚಿತ್ರ. ಎರಡು ಚಿತ್ರಗಳಲ್ಲೂ ಕಿಟಕಿಯೋ ಮೇಜಿನ ಗೆರೆಯೋ ಒಂದೇ ಎತ್ತರದಲ್ಲಿ ಬಂದರೆ, ಪಕ್ಕಪಕ್ಕ ಇಟ್ಟಾಗ ಬೆಳಕಿನ ವ್ಯತ್ಯಾಸವೊಂದೇ ಎದ್ದು ಕಾಣುತ್ತದೆ.

ಒಪ್ಪಿಗೆ ಕೇಳುವುದು

ಸಾರ್ವಜನಿಕ ಜಾಗದಲ್ಲಿ ಕೇಳದೆ ತೆಗೆಯಬಹುದು ಎಂಬ ವಾದವನ್ನು ನಾನು ಈ ವಿಷಯದ ಮಟ್ಟಿಗೆ ಒಪ್ಪುವುದಿಲ್ಲ. ಗಳಿಗೆ ತಪ್ಪುವುದಾದರೆ ಮೊದಲು ತೆಗೆಯಿರಿ, ಆದರೆ ಆಮೇಲೆ ಹತ್ತಿರ ಹೋಗಿ ತೋರಿಸಿ, ಬೇಡವೆಂದರೆ ಅವರ ಎದುರಿಗೇ ಅಳಿಸಿ. ಗುಳೆ ಹೊರಟವರಿಗೆ ಲಾರಿ ಹತ್ತುವ ಗಡಿಬಿಡಿಯಲ್ಲಿ ಇಲ್ಲವೆನ್ನುವ ಪುರುಸೊತ್ತೂ ಇರುವುದಿಲ್ಲ. ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಸಾವಿನ ಮನೆಯಲ್ಲಿ ಕರೆದರೆ ಮಾತ್ರ ಕ್ಯಾಮೆರಾ ತೆಗೆಯಿರಿ.

ಆಯ್ಕೆ, ಜೋಡಣೆ, ಅಡಿಬರಹ

ವರ್ಷದ ಕೊನೆಗೆ ನಿಮ್ಮಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಪರದೆಯ ಮೇಲೆ ನೋಡಿ ನೂರಕ್ಕೆ ಇಳಿಸಿ. ಆ ನೂರನ್ನು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಮುದ್ರಿಸಿ ನೆಲದ ಮೇಲೆ ಹರಡಿ. ಪರದೆಯಲ್ಲಿ ಒಂದೊಂದನ್ನೇ ನೋಡುವಾಗ ಕಾಣದ ಸಂಬಂಧಗಳು ನೆಲದ ಮೇಲೆ ಕಾಣುತ್ತವೆ. ಮೊದಲು ಅಳುವ ಮುಖಗಳನ್ನೆಲ್ಲ ಒಂದು ಕಡೆ ಇಟ್ಟು ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿ. ಬೀಸುವ ಕೈಗಳಲ್ಲಿ ಒಂದು. ಉಳಿದವುಗಳಲ್ಲಿ ಎಡೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದ ಚಿತ್ರವನ್ನು ತೆಗೆದುಹಾಕಿ, ಅದು ಎಷ್ಟೇ ಚೆಂದವಿದ್ದರೂ ಸರಿ. ನನ್ನ ಸರಣಿಯಿಂದ ಹೀಗೆ ಹೊರಬಿದ್ದದ್ದು ನಾನು ಬಹಳ ಮೆಚ್ಚಿಕೊಂಡಿದ್ದ ಮಂಜಿನ ಬೆಳಗಿನ ಚಿತ್ರ.

ಕಾಲಕ್ರಮದಲ್ಲಿ ಜೋಡಿಸುವುದು ಕಡ್ಡಾಯವಲ್ಲ. ಅಗಲವಾದ ಚಿತ್ರದ ಪಕ್ಕಕ್ಕೆ ಒಂದು ಸಣ್ಣ ವಸ್ತುವಿನ ಚಿತ್ರ, ಜನವಿರುವ ಚಿತ್ರದ ಬಳಿಕ ಜನವಿಲ್ಲದ್ದು, ಹೀಗೆ ಉಸಿರು ತೆಗೆದುಕೊಳ್ಳಲು ಜಾಗ ಬಿಡುತ್ತ ಹೋಗಿ. ಅಡಿಬರಹದಲ್ಲಿ ಊರು, ತಿಂಗಳು, ವರ್ಷ ಮತ್ತು ಚಿತ್ರದಲ್ಲಿ ಕಾಣದ ಒಂದು ಸಂಗತಿ ಇದ್ದರೆ ಸಾಕು. ‘ಮನಕಲಕುವ ವಿದಾಯ’ ಎಂದು ಬರೆದರೆ ನೋಡುವವರ ಕೆಲಸವನ್ನು ನೀವೇ ಮಾಡಿದಂತೆ. ‘ಶಿರಸಿ, ಜೂನ್. ಬಸ್ಸು ಹೊರಟು ಏಳು ನಿಮಿಷವಾಗಿದೆ’ ಎಂದರೆ ಮಡಚುವ ಕೈಚೀಲದ ಕಡೆಗೆ ಅವರ ಕಣ್ಣು ತಾನಾಗಿ ಹೋಗುತ್ತದೆ.

ಕಡತಗಳ ಮೂರು ಪ್ರತಿ ಇಡಿ. ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ. ಆಯ್ದ ಪ್ರತಿಯೊಂದು ಚಿತ್ರದ ಒಂದು ಮುದ್ರಿತ ಪ್ರತಿಯನ್ನು ಅದರಲ್ಲಿರುವವರಿಗೆ ಕೊಡಬೇಕು, ಅಂಚೆಯಲ್ಲಿ ಕಳಿಸದೆ ಸ್ವತಃ ಹೋಗಿ. ಆ ಅಜ್ಜಿಗೆ ನಾನು ಪ್ರತಿ ತೆಗೆದುಕೊಂಡು ಹೋದಾಗ ಅವರು ತಮ್ಮ ಮುಖವನ್ನು ನೋಡಲೇ ಇಲ್ಲ. ಚಿತ್ರದ ಮೂಲೆಯಲ್ಲಿ, ತಿರುವಿನ ಬಳಿ ಬೆರಳುಗುರಿನಷ್ಟು ಕಾಣುವ ಕೆಂಪು ದೀಪವನ್ನು ತೋರಿಸಿ, ಅದು ಮೊಮ್ಮಗಳಿದ್ದ ಬಸ್ಸೇ ಹೌದೇ ಎಂದು ಕೇಳಿದರು.